ಸರ್ಟನ್

ಅರಸೀಕೆರೆ ಕೋರ್ಟಿನಲ್ಲಿ ಹನ್ನೊಂದು ವರ್ಷದಿಂದ
ಬೇರೆಯವರು ಕಂಡದ್ದನ್ನು
ಇಂಗ್ಲಿಷಿಗೆ ಟೈಪಿಸುವವಳು ನಾನು.

ಇವತ್ತು ಕಟಕಟೆಯಲ್ಲಿ ಸಣ್ಣತಾಯಮ್ಮ.
ಮೇಕೆ ಕದ್ದ ಕೇಸು. ದೀಪ ಹಚ್ಚುವ ಹೊತ್ತಂತೆ.
"ಗಿಡ್ಡೇಗೌಡ ಕಂಡಂಗಾಯ್ತು ಸ್ವಾಮಿ."

ಕಂಡ ಅಲ್ಲ. ಕಂಡಂಗಾಯ್ತು.
ಕೀಲಿಗಳ ಮೇಲೆ ಬೆರಳು ನಿಂತಿತು.

ಕ್ಲಿಯರ್ ಅನ್ನಲೇ? ಅದು ತಿಳಿನೀರು,
ತಳದ ಕಲ್ಲು ಎಣಿಸಬಹುದು; ಇವಳ ಕಣ್ಣಲ್ಲಿ ಪೊರೆ.
ಆಬ್ವಿಯಸ್ಸಿಗೆ ಸೊಕ್ಕು ಜಾಸ್ತಿ,
"ಇಷ್ಟೂ ಗೊತ್ತಾಗಲ್ವಾ" ಅನ್ನುತ್ತಲೇ ಒಳಗೆ ಬರುತ್ತದೆ.
ಎವಿಡೆಂಟ್ ಬೇಕಾದರೆ
ಹೆಜ್ಜೆಗುರುತೋ ಹರಿದ ಹಗ್ಗವೋ ತಂದು ತೋರಿಸಬೇಕು.
ಅಪ್ಯಾರೆಂಟ್ ಎರಡು ದೋಣಿಯಲ್ಲಿ ಕಾಲಿಟ್ಟದ್ದು:
ಎದ್ದು ಕಂಡದ್ದಕ್ಕೂ ಹೂಂ,
ಬರೀ ಕಂಡಂತಾದದ್ದಕ್ಕೂ ಹೂಂ.
ಅದನ್ನೇ ಹೊಡೆದೆ.

"ಸರ್ಟನ್ನಾ, ಕೇಳಿ" ಅಂದರು ಸಾಹೇಬರು.
ವಿಚಿತ್ರ ಪದ. ಒಂಟಿಯಾಗಿ ನಿಂತರೆ ಗುಂಡುಕಲ್ಲು;
ಹೆಸರಿನ ಮುಂದೆ ನಿಲ್ಲಿಸಿ ನೋಡಿ,
ಎ ಸರ್ಟನ್ ಗಿಡ್ಡೇಗೌಡ,
ಆತ ಯಾರೋ, ಎಲ್ಲಿಯವನೋ.
ನಮ್ಮ ಖಂಡಿತವೇನು ಕಮ್ಮಿ? ಮೂಲ ಕೆದಕಿದರೆ
ತುಂಡಾದದ್ದು ಅಂತಲೇ ಅರ್ಥ.

"ಖಂಡಿತವಾ ಅಜ್ಜಿ?"
"ಕಡ್ಡಿ ಮುರ್ದಂಗೆ ಹೇಳಕಾಗಲ್ಲ ಕಣವ್ವ, ಮಬ್ಬು.
ಕೂಗು ಮಾತ್ರ ನನ್ ಮೇಕೇದೇ."

ಕೂಗು ದಾಖಲೆಗೆ ಬೇಡ ಅಂದರು.
ಅಳಿಸುವ ಮೊದಲು ಒಮ್ಮೆ ಓದಿಕೊಂಡೆ.
ಇಡೀ ಪುಟದಲ್ಲಿ
ವಿಶೇಷಣವಿಲ್ಲದ ಸಾಲು ಅದೊಂದೇ.