ರಸಮಟ್ಟ

ತೊಂಬತ್ತೇಳು ಡಿಗ್ರಿ.
ಇನ್ನು ಮೂರೇರಿದರೆ ಚಹಾ ಮಾಡಬಹುದೆಂದು
ನನಗೆ ನಾನೇ ಹಾಸ್ಯ ಮಾಡಿಕೊಂಡೆ; ನಗು ಬರಲಿಲ್ಲ.
ರಾತ್ರಿ ಒಂದೂವರೆ, ಬಿತೋಮ್ ಊರು, ಜನವರಿ.
ಕಿಟಕಿಯಾಚೆ ಟ್ರಾಮಿನ ತಂತಿಗೆ ಮಂಜು ಹೆಪ್ಪುಗಟ್ಟಿತ್ತು,
ಮೇಜಿನ ಕೆಳಗೆ ಉಗುರಗಲದ ಸಿಲಿಕಾನು ಬೇಯುತ್ತಿತ್ತು.

ಮಾಡಬೇಕಾದ್ದೆಲ್ಲ ಮಾಡಿದ್ದೆ.
ಫ್ಯಾನಿನ ರೆಕ್ಕೆಗೆ ಸುತ್ತಿದ್ದ ಬೆಕ್ಕಿನ ಕೂದಲು ಕಿತ್ತೆ,
ಒಣಗಿದ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ
ಹೊಸದನ್ನು ಬಟಾಣಿ ಕಾಳಿನಷ್ಟು ಇಟ್ಟೆ,
ನಾಲ್ಕು ಸ್ಕ್ರೂ, ಮೂಲೆಯಿಂದ ಮೂಲೆಗೆ, ಸಮನಾಗಿ ಬಿಗಿದೆ.
ಪಂಪಿನ ವೇಗ ಪರದೆಯಲ್ಲಿ ಸರಿಯಾಗಿಯೇ ಇತ್ತು:
ನಿಮಿಷಕ್ಕೆ ಎರಡು ಸಾವಿರದ ಎಂಟುನೂರು ಸುತ್ತು.
ತಿರುಗಿದ್ದೆಲ್ಲ ತಳ್ಳಿದಂತಲ್ಲ ಎಂಬುದು
ಅಂಕಿಗೆ ಗೊತ್ತಿಲ್ಲ.
ಕೊಳವೆ ಎರಡನ್ನೂ ಮುಟ್ಟಿ ನೋಡಿದೆ:
ಒಂದು ಜ್ವರದ ಕೈ, ಇನ್ನೊಂದು ಮೀನಿನ ಮೈ.

ಹಾಕುತ್ತಿದ್ದ ಲೆಕ್ಕವೂ ನೀರಿನದೇ.
ಮುಚ್ಚಿದ ಗಣಿಯೊಳಗೆ ವರ್ಷಕ್ಕೆಷ್ಟು ನೀರು ಏರುತ್ತದೆ,
ಯಾವ ಬೀದಿ ಎಷ್ಟು ಬೆರಳು ಕುಸಿಯುತ್ತದೆ,
ಶುಕ್ರವಾರದೊಳಗೆ ನಗರಸಭೆಗೆ ಕೊಡಬೇಕು.
ಹತ್ತು ನಿಮಿಷ ಎಣಿಸುತ್ತದೆ, ತೊದಲುತ್ತದೆ,
ಕಣ್ಣು ಕತ್ತಲೆ ಬಂದವರಂತೆ ತಾನೇ ಆರಿಹೋಗುತ್ತದೆ.
ನೆಲದಡಿ ಆರುನೂರು ಮೀಟರು ಆಳದಲ್ಲಿ ನೀರು ಹರಿಸಬಲ್ಲೆ,
ಮೇಜಿನಡಿಯ ಒಂದು ಲೋಟ ನೀರು ಹರಿಯಲೊಲ್ಲದು.

ಬಾಗಿಲು ಬಡಿದರು. ಕೆಳಗಿನ ಮನೆಯ ತೆಯೊಫಿಲ್ ಕುಚೆರಾ,
ಪಟ್ಟೆ ಪಟ್ಟೆ ಪೈಜಾಮ, ಮೇಲೊಂದು ಕೋಟು.
ಫ್ಯಾನುಗಳ ಕಿರುಚಾಟಕ್ಕೆ ಬೈಯಲೆಂದೇ ಹತ್ತಿ ಬಂದವರು
ಅರ್ಧ ಬೈಗುಳಕ್ಕೆ ನಿಂತರು. ಕಿವಿ ಓರೆ ಮಾಡಿದರು.
"ಅದೇನದು, ಗೊಳಗೊಳ?"

ಮೂವತ್ತೊಂದು ವರ್ಷ ಗಣಿಯ ತಳದಲ್ಲಿ ಪಂಪು ಕಾದವರು,
ಕಂಪ್ಯೂಟರ್ ಮುಟ್ಟಿದವರಲ್ಲ.
ಮೊಣಕಾಲೂರಿ ಕೂತರು; ಚಿಪ್ಪು ಕಟಕ್ಕೆಂದಿತು.
ಕಪ್ಪು ಕೊಳವೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದರು,
ಸುಳ್ಳು ಸಾಕ್ಷಿಯ ಹೇಳಿಕೆ ಕೇಳುವ ವಕೀಲನ ಹಾಗೆ.
"ನಿನ್ನ ಪಂಪು ಗಾಳಿ ಕುಡೀತಿದೆ, ಬೊಗ್ನಾ.
ಗಾಳಿ ಅಂದರೆ ನಮ್ಮ ಫೋರ್‌ಮನ್ ಇದ್ದ ಹಾಗೆ,
ಎತ್ತರದ ಜಾಗ ಕಂಡರೆ ಹತ್ತಿ ಕೂತುಬಿಡುತ್ತೆ,
ತಾನೂ ದುಡಿಯೋದಿಲ್ಲ, ದುಡಿಯಗೊಡೋದೂ ಇಲ್ಲ."

"ಪಂಪಿಗಿಂತ ರೇಡಿಯೇಟರಿನ ತಲೆ ಒಂದು ಬೆರಳು ಎತ್ತರ," ಅಂದೆ,
"ಪುಸ್ತಕ ನೋಡಿಯೇ ಜೋಡಿಸಿದ್ದು."
ಅವರು ಉತ್ತರ ಕೊಡದೆ ಕೆಳಗಿಳಿದು ಹೋದರು.
ಮರಳಿ ಬಂದಾಗ ಕೈಯಲ್ಲಿ ರಸಮಟ್ಟ,
ಹಳದಿ ಬಣ್ಣ ಸವೆದು ಮರ ಕಾಣುವಂಥದು.
ನೆಲದ ಮೇಲಿಟ್ಟರು.
ಗಾಜಿನೊಳಗಿನ ಗುಳ್ಳೆ ಗೆರೆಗಳ ನಡುವೆ ನಿಲ್ಲಲಿಲ್ಲ,
ಬಾಗಿಲ ಕಡೆಗೆ ಓಡಿ ತುದಿ ಸೇರಿತು.

ವಾಲಿತ್ತು ಮನೆ. ಗೊತ್ತಿರಲಿಲ್ಲವೆಂದಲ್ಲ:
ಬಿದ್ದ ಪೆನ್ಸಿಲ್ಲು ಸದಾ ಕಿಟಕಿಯಡಿಯೇ ಸಿಗುತ್ತಿತ್ತು,
ಸೂಪು ತಟ್ಟೆಯ ಒಂದೇ ಅಂಚಿಗೆ ಬಂದು ನಿಲ್ಲುತ್ತಿತ್ತು,
ನಕ್ಷೆಯಲ್ಲಿ ನಮ್ಮ ಬೀದಿಗೆ ಕೆಂಪು ಹಚ್ಚಿದವಳೂ ನಾನೇ.
ಆದರೂ ಕಾಲ ಕೆಳಗಿನದು ನೆಲವೇ ಎಂದು ನಂಬಿದ್ದೆ.

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಹಿಂದುಮುಂದು ಮಾಡಿದೆವು.
ಓಡುತ್ತಿದ್ದಂತೆಯೇ ಮೆಲ್ಲಗೆ ಎತ್ತಿ ಓಲಿಸಿದರು,
ಆ ಕಡೆ, ಈ ಕಡೆ, ಇನ್ನೊಮ್ಮೆ ಆ ಕಡೆ.
ಗೊಳ್ಳೆಂದಿತು. ಉದ್ದಕ್ಕೆ ತೇಗಿತು.
ಆಮೇಲೆ ಸದ್ದಿಲ್ಲ.
ತೊಂಬತ್ತು. ಎಪ್ಪತ್ತೆಂಟು. ಅರವತ್ತಮೂರು.
ಫ್ಯಾನುಗಳು ಒಂದೊಂದಾಗಿ ದನಿ ತಗ್ಗಿಸಿದವು,
ಗೋಡೆ ಗಡಿಯಾರ ಇರುವುದು ಆಗ ಕೇಳಿಸಿತು.

ಲೆಕ್ಕ ಮತ್ತೆ ಓಡತೊಡಗಿತು. ಪರದೆಯ ಮೇಲೆ
ಸುರಂಗಗಳು ಒಂದೊಂದೇ ನೀಲಿಯಾದವು.
ಕೋಟಿನ ಗುಂಡಿ ಹಾಕುತ್ತ ನೋಡಿದರು ಕುಚೆರಾ,
ಒಂದು ಕಡೆ ಬೆರಳಿಟ್ಟರು: "ನನ್ನ ಪಂಪು ಇಲ್ಲಿತ್ತು.
ಕೂರುವ ಸ್ಟೂಲೂ ಅಲ್ಲೇ ಬಿಟ್ಟು ಬಂದೆ."
ಈಗ ಅಲ್ಲಿ ಎಷ್ಟು ನೀರೆಂದು ಕೇಳಲಿಲ್ಲ.
ನಾನೂ ಹೇಳಲಿಲ್ಲ;
ಅಂಕಿ ಅವರ ಬೆರಳ ಪಕ್ಕದಲ್ಲೇ ಇತ್ತು, ಏರುತ್ತಿತ್ತು.

ರಸಮಟ್ಟ ಮರೆತು ಹೋದರೋ, ಬಿಟ್ಟು ಹೋದರೋ.
ಇನ್ನೂ ನೆಲದ ಮೇಲೇ ಇದೆ.
ಗುಳ್ಳೆ ಬಾಗಿಲ ಬಳಿ,
ಬೂಟು ಹಾಕಿಕೊಂಡು ನಿಂತ ಅತಿಥಿಯ ಹಾಗೆ.