ಹನ್ನೆರಡೂ ಹತ್ತು

ಯಾಕಿಮಾ ಕಣಿವೆಯಲ್ಲಿ ನೆರಳು
ಕಾಲಡಿಗೆ ಬಂದು ಮುದುಡುವ ಹೊತ್ತು.
ಶಾಲೆಯೆದುರು ಕೆಂಪು ಫಲಕ ಹಿಡಿದು ರಸ್ತೆ ಕಾಯುವವನು ನಾನು.
ಅದರ ಮೇಲಿರುವುದು ಒಂದೇ ಮಾತು: ನಿಲ್ಲು.

ಹೆನೊವೇವಾ ಅಜ್ಜಿ ಬರುತ್ತಾಳೆ, ಹಾಪ್ಸ್ ತೋಟದಿಂದ ನೇರ,
ತೋಳ ತುಂಬ ಬಳ್ಳಿ ಗೀರಿದ ಗೆರೆ.
ಚೀಲದಲ್ಲಿ ಹೆಬ್ಬೆರಳುದ್ದದ ಕಂದು ಸೀಸೆ,
ಚಮಚ, ಪೀಚ್ ಹಣ್ಣಿನ ಡಬ್ಬಿ.
ಆ ಸೀಸೆ ಗೇಟು ದಾಟುವಂತಿಲ್ಲ.
ನರ್ಸಮ್ಮನ ಬೀರುವಿನಲ್ಲಿ ಬೇರೆಲ್ಲಕ್ಕೂ ಜಾಗವಿದೆ,
ಇನ್ಸುಲಿನ್ನಿಗೆ, ದಮ್ಮಿನ ಪಂಪಿಗೆ,
ಕೂತಲ್ಲಿ ಕೂರದ ಮಕ್ಕಳ ನೀಲಿ ಗುಳಿಗೆಗೆ.
ಇದಕ್ಕಿಲ್ಲ. ಎಲೆ ಯಾವುದೆಂದು ಎಲ್ಲರಿಗೂ ಗೊತ್ತು.

ಹಾಗಾಗಿ ಇಲಾರಿಯೋ ಹೊರಗೆ ಬರುತ್ತಾನೆ,
ಲೆಕ್ಕದ ಪಾಠ ಅರ್ಧಕ್ಕೇ ಬಿಟ್ಟು,
ನನ್ನ ಫಲಕದಡಿ ದಾಟಿ
ಬಸ್ಸು ಬಾರದ ಬಸ್ ನಿಲ್ದಾಣದ ಬೆಂಚಿಗೆ.
ಬಾಯಿ ತೆರೆಯುತ್ತಾನೆ, ಮೀಸೆ ಚಿಗುರಿದ ಹುಡುಗ,
ನಾಚಿಕೊಂಡು, ಅರ್ಧ.
ನಾಲಿಗೆಯಡಿ ಏಳು ಹನಿ. ಅರವತ್ತರವರೆಗೆ ನುಂಗಬಾರದು.
ಉನೋ, ದೋಸ್, ತ್ರೆಸ್, ಅಜ್ಜಿ ಎಣಿಸುತ್ತಾಳೆ.
ಕಿಟಕಿಯಿಂದ ಯಾರೋ ಕೂಗುತ್ತಾರೆ: ಎಣ್ಣೆ ಏರಿತೇನೋ?

ಅದೇ ಹೊತ್ತಿಗೆ ಹಾಪ್ಸ್ ಲಾರಿ,
ಬಿಯರು ಕಾರ್ಖಾನೆಗೆ, ಹಸಿರು ಮೂಟೆ ಹೇರಿಕೊಂಡು.
ಇದೂ ಅದೂ ದಾಯಾದಿಗಳು ಕಣಪ್ಪಾ,
ಅಜ್ಜಿಯೇ ಹೇಳಿದ್ದು, ಬೇಕಾದರೆ ಮೂಸಿ ನೋಡು.
ಮೂಸಿದೆ. ಅಂಟು, ಕಹಿ, ಒಂದೇ ಮನೆಯ ವಾಸನೆ.

ಸೆಪ್ಟೆಂಬರಿನ ಒಂದು ಗುರುವಾರ ರೈಲು ಗೇಟು ಬಿದ್ದಿತ್ತು.
ಎಂಬತ್ತು ಗೂಡ್ಸ್ ಡಬ್ಬಿಗಳ ಆಚೆ ಅಜ್ಜಿ.
ಹನ್ನೆರಡೂ ಇಪ್ಪತ್ತು. ಹನ್ನೆರಡೂವರೆ.
ಅವನು ತಂತಿಬೇಲಿ ಹಿಡಿದು ನಿಂತಿದ್ದ;
ಮೊದಲು ಕೈ ನಡುಗಿತು, ಆಮೇಲೆ ಬೇಲಿಯೇ ನಡುಗಿತು.
ಫಲಕ ಎಸೆದು ಓಡಿದೆ. ತಲೆಯಡಿಗೆ ನನ್ನ ಹಳದಿ ಕೋಟು.
ನರ್ಸಮ್ಮ ಮಂಡಿಯೂರಿ ಗಡಿಯಾರ ನೋಡುತ್ತಿದ್ದಳು,
ಕಣ್ಣಲ್ಲಿ ನೀರಿತ್ತು, ಕೈಯಲ್ಲಿ ಏನೂ ಇರಲಿಲ್ಲ.
ನಾಲ್ಕು ನಿಮಿಷ.
ರಸ್ತೆಯಲ್ಲಿ ಕಾರುಗಳು ಯಾರೂ ಹೇಳದೆ ನಿಂತಿದ್ದವು.

ಇಪ್ಪತ್ತು ನಿಮಿಷ ತಡವಾದರೆ ಹೀಗಾಗುವುದಿಲ್ಲ,
ಅಂದರು ಶಾಲಾ ಮಂಡಳಿಯವರು.
ಇರಬಹುದು. ನಾನು ಡಾಕ್ಟರಲ್ಲ.
ರಾಜ್ಯ ಸರಿ ಅನ್ನುತ್ತದಂತೆ, ದೇಶ ತಪ್ಪು ಅನ್ನುತ್ತದಂತೆ,
ನಾವು ನಡುವೆ ಸಿಕ್ಕಿದವರು, ಅಂದರು.
ಲೋಟ ಎತ್ತಿ ನೀರು ಕುಡಿದರು.

ನಿನ್ನೆ ಪೀಚ್ ತಿನ್ನುತ್ತ ಅವನು ಕೇಳಿದ:
ಹದಿನೆಂಟಾದರೆ ಸೀಸೆ ನಾನೇ ಇಟ್ಟುಕೊಳ್ಳಬಹುದಂತಲ್ಲ?
ಹೂಂ, ಅಂದೆ.
ಆಗ ಒಳಗೆ ತರಬಹುದಾ?
ಆಗ ನಿನಗೆ ಶಾಲೆಯೇ ಮುಗಿದಿರುತ್ತೆ, ಮಾರಾಯ.
ಅವನು ನಕ್ಕ. ಅಜ್ಜಿ ನಗಲಿಲ್ಲ,
ಮುಚ್ಚಳ ಎರಡು ಸಲ ತಿರುಗಿಸಿ ನೋಡಿದಳು.

ಗಂಟೆ ಹೊಡೆಯಿತು. ಫಲಕ ಎತ್ತಿದೆ.
ಲಾರಿ ನಿಂತಿತು, ಮೂಟೆಗಳ ಸಮೇತ.
ಇಬ್ಬರೂ ದಾಟಿದರು,
ಗೇಟಿನವರೆಗೆ.