ಹೊಡೆಯುವುದು

ನಮ್ಮ ಮಾತಿನಲ್ಲಿ ಗಾಡಿ ಓಡಿಸುವುದಕ್ಕೂ
ಹೊಡೆಯುವುದು ಅಂತಲೇ ಹೆಸರು.
ಹತ್ತೊಂಬತ್ತು ವರ್ಷ ಬೈತಖೋಲದಿಂದ ಹುಬ್ಬಳ್ಳಿಗೆ
ಬಂಗಡೆ ಹೊಡೆದೆ, ತಾರ್ಲೆ ಹೊಡೆದೆ.
ಆ ಮಾತಿನ ಇನ್ನೊಂದು ಮಗ್ಗುಲು
ಅಮದಳ್ಳಿಯ ಹತ್ತಿರ, ಬೆಳಗಿನ ಐದೂ ಹತ್ತಕ್ಕೆ,
ಬಂಪರಿಗೆ ತಾಗಿ ತಿಳಿಯಿತು.

ದೊಡ್ಡ ಸದ್ದೇನೂ ಅಲ್ಲ.
ಒಣ ಮಡಲು ಬಿದ್ದಷ್ಟು.
ಬುಟ್ಟಿ ಮೊದಲು ಹಾರಿತು, ಆಮೇಲೆ ಅವಳು.
ಬೆಳಚು ಚೆಲ್ಲಿ ರಸ್ತೆಯಗಲ ಹರಡಿತು.

"ಹೊಡಿ ಪುರ್ಸಣ್ಣ, ಹೊಡಿ" ಅಂದ ಕ್ಲೀನರ್ ರೋಶನ್,
"ಯಾರೂ ನೋಡ್ಲಿಲ್ಲ."
ಕೆಟ್ಟವನಲ್ಲ. ಇಪ್ಪತ್ತು ತುಂಬದ ಹುಡುಗ, ಹೆದರಿದ್ದ.
ನನ್ನ ಕಾಲೂ ಒಂದು ಚಣ
ಬ್ರೇಕಿನಿಂದ ಬಲಕ್ಕೆ ಜರುಗಿತ್ತು.
ಪೊಲೀಸರು ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ.
ಇಲ್ಲಿ ಹೇಳುತ್ತಿದ್ದೇನೆ.

ನಿಲ್ಲಿಸಿದೆ.
ನಾಲ್ಕೂ ಮಿಣುಕುದೀಪ ಹಾಕಿ ಇಳಿದೆ.
ಐವತ್ತು ಹೆಜ್ಜೆ ಹಿಂದಕ್ಕೆ ಓಡಿದ ರೋಶನ್
ಲಕ್ಕಿ ಟೊಂಗೆ ಮುರಿದು ಖಾಲಿ ಕ್ರೇಟಿಗೆ ಸಿಕ್ಕಿಸಿ
ಮೊಬೈಲಿನ ಬೆಳಕು ಬೀಸುತ್ತ ನಿಂತ.
ನೂರಾ ಎಂಟಕ್ಕೆ ಊರು ಹೇಳಿದೆ, ಯಾವ ಬದಿ ಹೇಳಿದೆ,
ಉಸಿರಿದೆ ಅಂದೆ.
ಕತ್ತು ಅಲುಗಿಸಬೇಡಿ ಎಂದಳು ಆ ಕಡೆಯ ಹುಡುಗಿ.
ಯಾರೋ ತಂದ ನೀರು ಬೇಡ ಅಂದೆ.
ಎರಡು ಅಂಗೈ ನಡುವೆ ಆ ತಲೆ ಹಿಡಿದು
ಇಪ್ಪತ್ತೆರಡು ನಿಮಿಷ ಕೂತೆ, ಮೊಣಕಾಲಡಿಗೆ
ನನ್ನದೇ ಗಾಡಿಯ ಐಸು ಕರಗಿ ಹರಿದು ಬರುತ್ತಿತ್ತು.
"ನನ್ನ ಚಪ್ಪಲಿ" ಅಂದಳು.
ಒಂದು ಸಿಕ್ಕಿತು.

ಬೇರೆ ಗಾಡಿಗಳು ನಿಲ್ಲಲಿಲ್ಲ. ಟೊಂಗೆ ಸುತ್ತಿ
ಬೆಳಚಿನ ಮೇಲೆ ಹಾದುಹೋದವು,
ಚಟ್, ಚಟಚಟ್.
ಆ ಸದ್ದು ನಾನು ಗಾಡಿಯೊಳಗೆ ಕೂತು ಕೇಳಿರಲೇ ಇಲ್ಲ.
ಅವಳು ನಮ್ಮ ರಸ್ತೆಗೆ ಅಡ್ಡ ಬಂದದ್ದಲ್ಲ;
ಅವಳ ಮನೆಗೂ ಬಸ್‌ಸ್ಟಾಪಿಗೂ ನಡುವೆ
ರಸ್ತೆಯೇ ಬಂದು ಅಡ್ಡ ಮಲಗಿತ್ತು.
ಬಿಳಿ ಪಟ್ಟೆ ಬಳಿದಿದ್ದರು ಒಮ್ಮೆ, ಎರಡು ಮಳೆಗಾಲಕ್ಕೆ ತೊಳೆದುಹೋಯಿತು.
ಪಟ್ಟೆ ಇಲ್ಲದ ಕಡೆ
ನನ್ನ ಕಣ್ಣಾದರೂ ಇರಬೇಕಿತ್ತು.

ಠಾಣೆಯ ಹೊರಗೆ ಫೋನಿನಲ್ಲಿ ಮಾಲಕ:
"ನಲವತ್ತು ಅನ್ನು. ಅವಳೇ ಓಡಿ ಬಂದ್ಲು ಅನ್ನು."
ಒಳಗೆ, ಬರೆಯುವವನ ಪೆನ್ನು ಕಾಯುತ್ತಿತ್ತು.
ಎಪ್ಪತ್ತೆರಡು ಅಂದೆ.
ನಡೆಯುತ್ತಿದ್ದಳು, ಓಡುತ್ತಿರಲಿಲ್ಲ ಅಂದೆ.
ಅವನು ತಲೆಯೆತ್ತಿ ನೋಡಿ, ಮತ್ತೊಮ್ಮೆ ಕೇಳಿ, ಬರೆದುಕೊಂಡ.
ಸಂಜೆಯೊಳಗೆ ಕೆಲಸ ಹೋಯಿತು.

ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಓದಿದ್ದು:
ಸೋಮಿ ಹರಿಕಂತ್ರ, ಐವತ್ತೆಂಟು.

ಚೌತಿ ಕಳೆದ ಮೇಲೆ ಅವಳ ಮನೆಗೆ ಹೋದೆ.
ಮಗಳು ಕೂರು ಅನ್ನಲಿಲ್ಲ.
ತಪ್ಪಾಯ್ತು ಎಂಬ ಮಾತನ್ನು ಕಾರವಾರದಿಂದ
ಬಸ್ಸಿನ ಟಿಕೀಟಿನ ಹಾಗೆ ಮುಷ್ಟಿಯಲ್ಲಿ ಹಿಡಿದು ತಂದಿದ್ದೆ,
ಬಾಗಿಲು ಮುಟ್ಟುವಷ್ಟರಲ್ಲಿ ಬೆವರಿಗೆ ಮುದ್ದೆಯಾಗಿತ್ತು.
ಸೋಮಿ ರಾಡು ಹಾಕಿದ ಕಾಲು ಚಾಚಿ
ಜಗಲಿಯಲ್ಲಿ ಕೂತಿದ್ದಳು.

"ಎಲ್ಲಾ ಒಡೆದುಹೋಯ್ತಾ?"
ಎಂತದು ಅಂದೆ.
"ಬೆಳಚು."

ಹೌದು ಅಂದೆ.

"ಸೊಂಟದ ಮಟ್ಟ ನೀರಲ್ಲಿ ನಿಂತು," ಅಂದಳು,
"ಮೂರು ತಾಸು ಹೆಕ್ಕಿದ್ದೆ."